ಜೋಗುಳ ಕೊಬ್ಬು

ಬೀಜ ಹೇಗೆ ಎಚ್ಚರಗೊಳ್ಳುತ್ತದೆ ಎಂಬುದರ ಬಗ್ಗೆ ಇಂಚರಾಳಷ್ಟು ಹೊತ್ತು ಮಾತಾಡಬಲ್ಲವರು ಇಡೀ ತಿರುವನಂತಪುರದಲ್ಲಿ ಇನ್ನೊಬ್ಬರಿರಲಿಲ್ಲ. ಇದು ಅವಳದೇ ಅಭಿಪ್ರಾಯ. ಅವಳ ಗೈಡ್ ಮೇಡಂ ಅದನ್ನು ಒಪ್ಪಿಕೊಂಡು ಒಂದು ಬಾಲ ಸೇರಿಸುತ್ತಿದ್ದರು: "ಮಾತಿನಲ್ಲಿ ನೀನು ಯಾವತ್ತೋ ಡಾಕ್ಟರೇಟ್ ಮುಗಿಸಿದ್ದೀಯ. ಬರೆಯೋದೊಂದು ಬಾಕಿ."

ಅವಳ ವಿಷಯ ಒಣಬೀಜದೊಳಗಿನ ಒಂದು ಜಾತಿಯ ಕೊಬ್ಬು. ಎಣ್ಣೆ ತೆಗೆಯುವ ಕೊಬ್ಬಲ್ಲ ಇದು, ಮಾತು ಹೇಳುವ ಕೊಬ್ಬು. 'ಮಲಗು ಮರೀ, ಇನ್ನೂ ಹೊತ್ತಿದೆ' ಎಂದು ಬೀಜಕ್ಕೆ ಹೇಳುತ್ತಲೇ ಇರುವುದು ಇದರ ಕೆಲಸ. ಎನ್-ಎಸೈಲ್ ಎಥನಾಲಮೈನ್ ಎಂದು ಇದಕ್ಕೆ ಹೆಸರು. ಆ ಹೆಸರು ಹೇಳಿದರೆ ಅಮ್ಮ "ಬೈತಿದೀಯೇನೇ?" ಎಂದು ಕೇಳಿದ್ದರಿಂದ, ಮನೆಯ ಮಟ್ಟಿಗೆ ಅವಳು ಅದನ್ನು ಜೋಗುಳ ಕೊಬ್ಬು ಎಂದು ಕರೆದಿದ್ದಳು. ನೀರು ಒಳಗಿಳಿದ ಕೂಡಲೇ ಬೀಜದಲ್ಲಿರುವ ಕಿಣ್ವವೊಂದು ಕತ್ತರಿ ಹಿಡಿದು ಈ ಕೊಬ್ಬನ್ನು ಚೂರುಚೂರು ಮಾಡುತ್ತದೆ. ಜೋಗುಳ ನಿಂತಿತೋ, ಬೇರು ಹೊರಡುತ್ತದೆ. ನಿಲ್ಲಲಿಲ್ಲವೋ, ಬೇರು ಮೊಂಡಾಗಿ, ಊದಿಕೊಂಡು, ಹಾಸಿಗೆ ಬಿಡದ ಮಗುವಿನ ಹಾಗೆ ಅಲ್ಲೇ ಕೂರುತ್ತದೆ. ಹಾಗೆ ಕೂತ ಬೇರುಗಳ ಫೋಟೋಗಳು ಅವಳ ಲ್ಯಾಪ್‌ಟಾಪಿನ ತುಂಬ ಇದ್ದವು. ಹಾಸ್ಟೆಲಿನ ಕನ್ನಡಿಯಲ್ಲಿಯೂ ಒಂದು ಕಾಣುತ್ತಿತ್ತು ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಓರಗೆಯವರೆಲ್ಲ ಥೀಸಿಸ್ ಒಪ್ಪಿಸಿ ಹೋಗಿಯಾಗಿತ್ತು.

ಇಂಥ ಪಂಡಿತೆಗೆ ಮನೆಯವರು ಒಂದೇ ಒಂದು ಕೆಲಸ ವಹಿಸಿದರು. ಐದು ಮಣ್ಣಿನ ಕುಡಿಕೆಗಳಲ್ಲಿ ಕಾಳು ಮೊಳೆಯಿಸುವುದು.

ಕಾರಣ, ತಮ್ಮ ತನ್ಮಯನ ಮದುವೆ. ಅವನು ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದ. ಅಲ್ಲೇ ಜೊತೆಗಿದ್ದ ನಿಶಾಳನ್ನು ಇಷ್ಟಪಟ್ಟಿದ್ದ. ನಿಶಾ ಮಲಯಾಳಿ ಹುಡುಗಿ, ಆಲಪ್ಪುಳದವಳು. ಅಪ್ಪ ಕಮಲಾಕ್ಷ ಬ್ಯಾಂಕಿನ ವರ್ಗಾವಣೆಯಲ್ಲಿ ಮೈಸೂರಿನಿಂದ ಕೊಚ್ಚಿಗೆ ಬಂದು ಕಲೂರಿನಲ್ಲೇ ನೆಲೆಯಾದವರು. "ನನಗೇನಪ್ಪಾ, ಸಾಂಬಾರಿಗೆ ತೆಂಗಿನೆಣ್ಣೆ ಒಗ್ಗರಣೆ ಹಾಕದಿದ್ರೆ ಸಾಕು" ಎಂದು ಅವರು ಒಪ್ಪಿಬಿಟ್ಟರು. ಅಮ್ಮ ಕುಸುಮಾವತಿ ಬೇಡವೆನ್ನಲಿಲ್ಲ. ಆದರೆ ಅವರ ಪ್ರತಿಯೊಂದು ಮಾತಿನ ತುದಿಯಲ್ಲಿ ಒಂದು 'ಆದರೂ' ನೇತಾಡುತ್ತಿತ್ತು. ಹುಡುಗಿ ಒಳ್ಳೆಯವಳು, ಆದರೂ. ಅವರಮ್ಮ ಎಷ್ಟು ಮರ್ಯಾದಸ್ಥರು, ಆದರೂ.

ಕೊನೆಗೆ ಆ 'ಆದರೂ' ಒಂದು ಷರತ್ತಾಗಿ ಹೊರಗೆ ಬಿತ್ತು.

"ಶಾಸ್ತ್ರೋಕ್ತವಾಗಿ ಅಂಕುರಾರ್ಪಣೆ ಆಗ್ಲಿ," ಎಂದರು ಅಮ್ಮ. ಮದುವೆಗೆ ಮುಂಚೆ ಹುತ್ತದ ಮಣ್ಣು ತುಂಬಿದ ಪಾಲಿಕೆಯೆಂಬ ಕುಡಿಕೆಗಳಲ್ಲಿ ಭತ್ತ, ಎಳ್ಳು, ಸಾಸಿವೆ, ಹೆಸರು, ಉದ್ದು ಬಿತ್ತಿ ಮೊಳಕೆ ತರಿಸುವುದು ಅವರ ಮನೆತನದ ಪದ್ಧತಿ. "ಮೊಳಕೆ ಬಂತೋ, ದೇವರು ಒಪ್ಪಿದ ಅಂತ ನಾನೂ ಮನಸಾರೆ ಒಪ್ತೀನಿ. ಬರ್ಲಿಲ್ವೋ, ಮದುವೆ ನಿಲ್ಸಿ ಅನ್ನಲ್ಲ. ನಾನು ಮಾತ್ರ ಮಂಟಪದ ಹತ್ರ ಬರಲ್ಲ. ಹಿಂದಿನ ಸಾಲಲ್ಲಿ ಕೂತು ಊಟ ಮಾಡ್ಕೊಂಡು ಬರ್ತೀನಿ."

ಅಮ್ಮ ಹಿಂದಿನ ಸಾಲಲ್ಲಿ ಕೂರುವ ಮದುವೆ ಮದುವೆಯೇ ಅಲ್ಲವೆಂದು ತನ್ಮಯನಿಗೆ ಗೊತ್ತಿತ್ತು. ನಿಶಾಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ತನ್ಮಯ ಅಕ್ಕನನ್ನು ಬಾಲ್ಕನಿಗೆ ಎಳೆದುಕೊಂಡು ಹೋದ. ಕೊಚ್ಚಿಯಲ್ಲೇ ಬೆಳೆದವನಾದ್ದರಿಂದ ಗಾಬರಿಯಾದಾಗ ಅವನ ಬಾಯಿಂದ ಮಲಯಾಳವೇ ಬರುತ್ತಿತ್ತು.

"ಚೇಚೀ, ಚದಿಕ್ಕಲ್ಲೇ." ಅಕ್ಕಾ, ಕೈಕೊಡಬೇಡ ಎಂದು.

"ಲೋ, ಯಾರ ಹತ್ರ ಮಾತಾಡ್ತಿದೀಯ ಗೊತ್ತಾ? ಬೀಜ ಏಳಿಸೋದೇ ನನ್ನ ಹೊಟ್ಟೆಪಾಡು ಕಣೋ."

"ನಿನ್ನ ಲ್ಯಾಬಲ್ಲಿ ಎಲ್ಲಾ ಬೀಜಾನೂ ಮಲಗ್ಸ್ತೀಯಲ್ಲಾ, ಅದಕ್ಕೇ ಪೇಡಿ, ಭಯ ನಂಗೆ."

"ಮಲಗ್ಸೋದು ಗೊತ್ತಿದ್ದೋರಿಗೇ ಏಳ್ಸೋದೂ ಗೊತ್ತಿರೋದು," ಎಂದಳು ಇಂಚರಾ. ಮುಂದೆ ಈ ಮಾತು ನೆನಪಾದಾಗಲೆಲ್ಲ ಅವಳಿಗೆ ಕಿವಿ ಬಿಸಿಯಾಗುತ್ತಿತ್ತು.

ಮಂಗಳವಾರ ಕೃಷ್ಣಾನಂದ ಭಟ್ಟರು ಬಂದರು. ಕಾಸರಗೋಡಿನ ಕಡೆಯವರು, ಕೊಚ್ಚಿಯ ದೇವಸ್ಥಾನವೊಂದರಲ್ಲಿ ಪೂಜೆಗಿದ್ದವರು. ಹುತ್ತದ ಮಣ್ಣನ್ನು ಊರಿನಿಂದ ಗೋಣಿಯಲ್ಲಿ ತಂದಿದ್ದರು. ಹಾಲಿನಲ್ಲಿ ನೆನೆಸಿದ ಕಾಳುಗಳನ್ನು ಅಮ್ಮನ ಕೈಯಿಂದ ಬಿತ್ತಿಸಿದರು. "ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದ್ರೆ ಆಯ್ತು. ಅದರಷ್ಟಕ್ಕೆ ಬರ್ತದೆ. ಮತ್ತೆಂತ ಉಂಟು?" ಎಂದರು. ಇಂಚರಾ ಮಧ್ಯೆ ಬಾಯಿ ಹಾಕಿ, ಅದರಷ್ಟಕ್ಕೆ ಬರುವುದಿಲ್ಲ, ಒಳಗೆ ಕೊಬ್ಬು ಕತ್ತರಿಸಲ್ಪಡಬೇಕು ಎಂದು ಶುರುಮಾಡಿದಳು. ಭಟ್ಟರು ಆಸಕ್ತಿಯಿಂದಲೇ ಕೇಳುತ್ತ ಕೇಳುತ್ತ ಚಪ್ಪಲಿ ಹಾಕಿಕೊಂಡರು.

ಮರುದಿನ ಅಪ್ಪ ಅಮ್ಮ ನೆಂಟರನ್ನು ಕರೆದುಕೊಂಡು ಬರಲು ಮೈಸೂರಿಗೆ ಹೊರಟರು. ಶನಿವಾರ ಬೆಳಿಗ್ಗೆ ವಾಪಸ್ಸು, ಸೋಮವಾರ ಮದುವೆ. ಅಮ್ಮ ಹೊರಡುವಾಗ ಪಾಲಿಕೆಗಳಿಗೆ ಕೈಮುಗಿದು, ಆಮೇಲೆ ಇಂಚರಾಳ ಗದ್ದ ಹಿಡಿದು, "ನಿನ್ನ ನಂಬಿ ಹೋಗ್ತಿದೀನಿ ಕಣೇ," ಎಂದರು. ಆ ಸಂಜೆಯೇ ಗೈಡ್ ಮೇಡಂ ಫೋನು ಬಂತು. ಮುಂದಿನ ವಾರ ಇದ್ದ ಥೀಸಿಸ್ ಪೂರ್ವದ ಸೆಮಿನಾರು ಗುರುವಾರಕ್ಕೇ ಬಂದಿದೆ, ಹೊರಗಿನ ಪರೀಕ್ಷಕರಿಗೆ ಬೇರೆ ದಿನ ಆಗುವುದಿಲ್ಲ, ಇದು ತಪ್ಪಿದರೆ ಇನ್ನಾರು ತಿಂಗಳು.

ಬುದ್ಧಿಯಿರುವವಳಾಗಿದ್ದರೆ ಅಮ್ಮನಿಗೆ ಫೋನು ಮಾಡಿ ಹೇಳುತ್ತಿದ್ದಳು. ಇಂಚರಾ ವಿದ್ಯಾವಂತೆ. ಕೆಳಗಿನ ಮನೆಯ ಶಾಲಿನಿ ಚೇಚಿಗೆ ಬೀಗದ ಕೈ ಕೊಟ್ಟು ತಿರುವನಂತಪುರದ ಬಸ್ಸು ಹಿಡಿದಳು.

ಶಾಲಿನಿ ಚೇಚಿ ಕೃಷಿಯಲ್ಲಿ ಸಾಮಾನ್ಯರಲ್ಲ. ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ಚೀಲಗಳಲ್ಲಿ ಬೆಂಡೆ, ಹಾಗಲ, ಪಡವಲ ಬೆಳೆದು, ಅಸೋಸಿಯೇಷನ್ನಿನವರು ನೋಟೀಸು ಕೊಟ್ಟಾಗ ಅವರಿಗೂ ಒಂದೊಂದು ಪಡವಲಕಾಯಿ ಕೊಟ್ಟು ಬಾಯಿ ಮುಚ್ಚಿಸಿದವರು. ಆದರೆ ಅವರಿಗೆ ಬೀಗದ ಕೈ ಕೊಟ್ಟಾಗ ಇದ್ದ ಅವಸರದಲ್ಲಿ ಇಂಚರಾ ಏನು ಮಾಡಬೇಕೆಂದು ಹೇಳಿರಲಿಲ್ಲ. ಅದು ನೆನಪಾದದ್ದು ಬಸ್ಸು ಚೇರ್ತಲ ದಾಟಿದ ಮೇಲೆ. ಕಿಟಕಿಯ ಗಾಳಿ ಬಡಿಯುತ್ತಿರುವಾಗಲೇ ಫೋನು ಮಾಡಿದಳು.

ಇಲ್ಲಿ ಅವಳ ಮಲಯಾಳದ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಅಜ್ಜಿಯ ಜೊತೆ ಮೈಸೂರಿನಲ್ಲೇ ಓದಿ, ಸಂಶೋಧನೆಗೆಂದು ಕೇರಳಕ್ಕೆ ಬಂದವಳು. ಮಲಯಾಳವನ್ನು ಕನ್ನಡದ ತಂಗಿಯೆಂದು ತಿಳಿದು ಸಲಿಗೆಯಿಂದ ಮಾತಾಡುತ್ತಿದ್ದಳು. ಮೊಳಕೆಗೆ ಅಲ್ಲಿ 'ಮುಳ' ಎನ್ನುತ್ತಾರೆಂದು ಗೊತ್ತಿತ್ತು. ಆದರೆ ಹಾಸ್ಟೆಲಿಗೆ ಬಂದ ಹೊಸದರಲ್ಲಿ ಮೆಸ್ಸಿನ ಮೇಜಿನ ಮೇಲೆ ತನ್ನ ಸಂಶೋಧನೆಯನ್ನು ವಿವರಿಸುವಾಗ 'ಳ' ಜಾರಿ 'ಲ' ಆಗಿತ್ತು. ಆ ಒಂದು ಅಕ್ಷರದ ವ್ಯತ್ಯಾಸಕ್ಕೆ ಇಡೀ ಮೇಜು ಚಮಚ ಕೆಳಗಿಟ್ಟು ನಕ್ಕಿತ್ತು. ಏಕೆ ನಕ್ಕಿತೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ನಮ್ಮಲ್ಲೂ ಆ ಅಪಾಯ ಇದ್ದೇ ಇದೆ. ಅಂದಿನಿಂದ ಅವಳು ಆ ಪದದ ಸಹವಾಸ ಬಿಟ್ಟು, ಕನ್ನಡದ 'ಮೊಳಕೆ'ಯನ್ನೇ ಮಲಯಾಳದ ವಾಕ್ಯದೊಳಗೆ ಕೂರಿಸಿ ದೂಡುತ್ತಿದ್ದಳು.

"ಚೇಚೀ, ಪೂಜಾಮುರಿಯಿಲ್ ಅಂಜು ಚಟ್ಟಿ ಇಲ್ಲೇ?" ದೇವರ ಕೋಣೆಯಲ್ಲಿ ಐದು ಕುಡಿಕೆ ಇವೆಯಲ್ಲ, ಎಂದು ಶುರುಮಾಡಿದಳು. "ಮೊಳಕೆ... ವೆಳ್ಳಂ ತಳಿಕ್ಕಣೇ." ನೀರು ಚಿಮುಕಿಸಿ, ಅಂತ.

"ಮುಳಕು ವೆಳ್ಳಮೋ?" ಎಂದರು ಚೇಚಿ.

"ಆ, ಅದೇ. ಬೆಳಿಗ್ಗೆ, ಸಂಜೆ."

"ಇಪ್ಪೊಳೇ ವೇಣೋ ಮೋಳೇ?" ಈಗಲೇ ಬೇಕಾ ಮಗಳೇ, ಎಂದು ಚೇಚಿಗೆ ಆಶ್ಚರ್ಯ.

"ವೇಣಂ ಚೇಚೀ, ಮರೀಬೇಡಿ."

ಚೇಚಿ ಇನ್ನೊಂದು ಪ್ರಶ್ನೆ ಕೇಳಿದರು. ಲಾರಿಯೊಂದು ಹಾರನ್ ಹೊಡೆದುಕೊಂಡು ಹೋದದ್ದರಿಂದ ಇಂಚರಾಳಿಗೆ ಕೊನೆಯ ಪದ ಮಾತ್ರ ಕೇಳಿಸಿತು, "ಕುರಕ್ಕಣೋ?" ಕಡಿಮೆ ಮಾಡಲೇ ಎಂದು.

"ಬೇಡ ಬೇಡ, ಕುರಕ್ಕಂಡ! ಫುಲ್ ಹಾಕಿ!" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿ ನೆಮ್ಮದಿಯಿಂದ ನಿದ್ದೆಹೋದಳು.

ಸೆಮಿನಾರು ಚೆನ್ನಾಗಿಯೇ ಆಯಿತು. ಮೊಂಡುಬೇರುಗಳ ಫೋಟೋ ತೋರಿಸಿ, ಎಲ್ಲ ಬೀಜವೂ ತನ್ನ ಜೋಗುಳವನ್ನು ತಾನೇ ಕತ್ತರಿಸಿಕೊಳ್ಳಬೇಕು ಎಂದು ಅವಳು ನಾಟಕೀಯವಾಗಿ ಮುಗಿಸಿದಾಗ, ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು: "ಲ್ಯಾಬಿನ ಹೊರಗೆ, ಸಾಮಾನ್ಯ ಮಣ್ಣಿನಲ್ಲಿ ನೀವು ಎಂದಾದರೂ ಬೀಜ ಬೆಳೆಸಿ ನೋಡಿದ್ದೀರಾ?"

"ಈಗ ನಮ್ಮ ಮನೆಯಲ್ಲೇ ಬೆಳೆಯುತ್ತಿವೆ ಸರ್," ಎಂದಳು ಇಂಚರಾ. ಸಭೆ ನಕ್ಕಿತು. ಅವಳೂ ನಕ್ಕಳು.

ಆವತ್ತೇ ಚೇಚಿಯ ವಾಟ್ಸಾಪ್ ಸಂದೇಶ ಬಂತು. ಐದು ಕುಡಿಕೆಗಳ ಫೋಟೋ, ಕೆಳಗೆ ಹೆಮ್ಮೆಯ ಒಂದು ಸಾಲು: ಒಂದು ಹುಳವೂ ಹತ್ತಿರ ಬಂದಿಲ್ಲ. ಹುಳದ ಮಾತೇಕೆ ಬಂತೆಂದು ಅವಳು ಯೋಚಿಸಬಹುದಿತ್ತು. ಎರಡು ಹೃದಯದ ಚಿತ್ರ ಕಳಿಸಿ, ಗೆಳತಿಯರ ಜೊತೆ ಬಿರಿಯಾನಿ ತಿನ್ನಲು ಹೋದಳು.

ಶುಕ್ರವಾರ ಮಧ್ಯಾಹ್ನ ಕಲೂರಿನ ಮನೆಯ ಬಾಗಿಲು ತೆಗೆದದ್ದೇ ಅವಳಿಗೆ ಸೀನು ಬಂತು. ದೇವರ ಕೋಣೆಗೆ ಬಂದರೆ ಇನ್ನೂ ಮೂರು ಬಂದವು. ಬೆಳ್ಳುಳ್ಳಿಯ ವಾಸನೆ, ಇಂಗಿನ ವಾಸನೆ, ಅದರ ಮೇಲೆ ಕಣ್ಣು ಕುಕ್ಕುವ ಇನ್ನೇನೋ ಒಂದು. ಕುಡಿಕೆಗಳು ಬೋಳು. ಮಣ್ಣಿನ ಮೇಲೆ ಹಸಿರು ತುಣುಕುಗಳು ಕಂಡವು. ಮೊಳಕೆಯೆಂದು ಬಗ್ಗಿ ನೋಡಿದರೆ, ಜಜ್ಜಿದ ಗಾಂಧಾರಿ ಮೆಣಸಿನಕಾಯಿ.

ಆಗ ಅವಳ ತಲೆಯಲ್ಲಿ ಮೊಳಕೆಯೂ ಮುಳಕೂ ಒಂದಕ್ಕೊಂದು ಢಿಕ್ಕಿ ಹೊಡೆದವು.

ಮುಳಕು ಅಂದರೆ ಮೆಣಸಿನಕಾಯಿ. ಇದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹಾಸ್ಟೆಲಿನ ಎದುರಿನ ತಟ್ಟುಕಡೆಯೆಂಬ ಬೀದಿ ಅಂಗಡಿಯಲ್ಲಿ ಮುಳಕು ಬಜ್ಜಿ ತಿನ್ನುತ್ತಲೇ ಅವಳ ಅರ್ಧ ಸಂಶೋಧನೆ ಆಗಿತ್ತು. ಬಸ್ಸಿನಲ್ಲಿ ಮಾತ್ರ ಅದು 'ಮೊಳಕೆ'ಯ ಮಲಯಾಳಿ ಉಚ್ಚಾರದಂತೆ ಕೇಳಿಸಿತ್ತು. ಮೆಣಸಿನಕಾಯಿ, ಬೆಳ್ಳುಳ್ಳಿ, ಇಂಗು ಅರೆದ ನೀರು ಹುಳಕ್ಕೆ ಒಳ್ಳೆಯ ಮದ್ದು, ತಾರಸಿ ಕೃಷಿಕರೆಲ್ಲ ಚಿಮುಕಿಸುತ್ತಾರೆ. ಖಾರ ಕಡಿಮೆ ಮಾಡಲೇ ಎಂದು ಚೇಚಿ ಪಾಪ ಕೇಳಿದ್ದರು. ಬೇಡ, ಫುಲ್ ಹಾಕಿ ಎಂದವಳು ಯಾರು?

ಒಂದು ಹೆಸರುಕಾಳು ಕೆದಕಿ ತೆಗೆದಳು. ಕಾಳು ಉಬ್ಬಿತ್ತು, ಸಿಪ್ಪೆ ಬಿರಿದಿತ್ತು. ಬೇರು ಮೊಂಡಾಗಿ, ಊದಿಕೊಂಡು ಅಲ್ಲೇ ಕೂತಿತ್ತು. ತನ್ನ ಥೀಸಿಸ್ಸಿನ ಫೋಟೋವೇ ಅಂಗೈಯ ಮೇಲೆ. ಮೆಣಸಿನಕಾಯಿಗೆ ಖಾರ ಕೊಡುವ ವಸ್ತುವೂ ಜೋಗುಳ ಕೊಬ್ಬಿನ ದೂರದ ನೆಂಟನೇ, ಎರಡರ ಮೈಕಟ್ಟೂ ಒಂದೇ ತೆರ. ನೆಂಟ ಬಂದು ಜೋಗುಳಕ್ಕೆ ದನಿಗೂಡಿಸಿದನೋ, ಬೆಳ್ಳುಳ್ಳಿಯ ಕೆಲಸವೋ, ಬರೀ ನೀರು ಹೆಚ್ಚಾಗಿತ್ತೋ, ಹೇಳುವಂತಿರಲಿಲ್ಲ. ಹೋಲಿಸಲು ಬರೀ ನೀರು ಹಾಕಿದ ಆರನೆಯ ಕುಡಿಕೆ ಇರಲಿಲ್ಲವಲ್ಲ. ಇಂಥ ಸ್ಥಿತಿಯಲ್ಲೂ ಆರನೆಯ ಕುಡಿಕೆಗಾಗಿ ಮರುಗಿದ ತನ್ನ ತಲೆಯ ಬಗ್ಗೆ ಅವಳಿಗೆ ಅಸಹ್ಯವಾಯಿತು.

ತನ್ಮಯನಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ಅಮ್ಮ ಮಂಟಪಕ್ಕೆ ಬರಲ್ಲ ಅಲ್ವಾ?" ಎಂದ ಅವನು. ಆಶ್ಚರ್ಯವೆಂದರೆ, ಕನ್ನಡದಲ್ಲಿ ಹೇಳಿದ.

ಆ ಒಂದು ವಾಕ್ಯ ಅವಳನ್ನು ಸ್ಟೇಡಿಯಮ್ಮಿನ ಹತ್ತಿರದ ಸೂಪರ್ ಮಾರ್ಕೆಟ್ಟಿಗೆ ಓಡಿಸಿತು. ಅಲ್ಲಿ ತಣ್ಣನೆಯ ಕಪಾಟಿನಲ್ಲಿ, ಡಯಟ್ ಮಾಡುವವರಿಗೆಂದು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೇರು ಕತ್ತರಿಸಿದ ಎಳೆಯ ಮೊಳಕೆ ಸಸಿಗಳಿದ್ದವು. ಸಾಸಿವೆ ಇತ್ತು, ಹೆಸರು ಇತ್ತು. ತಂದು, ಒಂದೊಂದನ್ನೇ ಚಿಮಟಿಗೆಯಲ್ಲಿ ಹಿಡಿದು ಕುಡಿಕೆಗಳಲ್ಲಿ ನೆಟ್ಟಳು. ಭತ್ತಕ್ಕೂ ಎಳ್ಳಿಗೂ ಉದ್ದಿಗೂ ಅವೇ ವೇಷ ಹಾಕಿಕೊಂಡವು. ಬಾಯಿತುಂಬ ವಿಜ್ಞಾನ ಹೇಳುತ್ತಿದ್ದವಳು ದೇವರಿಗೆ ಬೆನ್ನು ಮಾಡಿ ಕೂತು ಈ ಕೆಲಸ ಮಾಡಿದ್ದಳು ಎಂಬುದು ಮುಗಿಸಿ ತಿರುಗಿದಾಗ ಅವಳ ಗಮನಕ್ಕೆ ಬಂತು.

ಶನಿವಾರ ಬೆಳಿಗ್ಗೆ ಅಪ್ಪ ಅಮ್ಮ ಬಂದರು. ತನ್ಮಯನೂ ಮೊದಲ ರೈಲಿಗೆ ಬಂದಿದ್ದ. ನೆಂಟರನ್ನು ಹೋಟೆಲಿಗೆ ಇಳಿಸಿ ಬಂದ ಅಮ್ಮ ಚಪ್ಪಲಿ ಬಿಟ್ಟು ನೇರ ದೇವರ ಕೋಣೆಗೆ ನಡೆದರು. ಹಸಿರು ನೋಡಿದರು. ಸೆರಗಿನ ತುದಿ ಕಣ್ಣಿಗೆ ಹೋಯಿತು.

"ಕಮಲಾಕ್ಷ ರಾಯರೇ, ಬನ್ನಿ ಇಲ್ಲಿ," ಎಂದು ಗಂಡನನ್ನು ಕರೆದರು. ಖುಷಿ ತಡೆಯಲಾರದಾಗ ಮಾತ್ರ ಅವರು ಗಂಡನನ್ನು ಹಾಗೆ ಕರೆಯುತ್ತಿದ್ದರು. "ನೋಡಿ, ಹೇಗೆ ಬಂದಿದೆ! ಒಪ್ಪಿಬಿಟ್ಟ ಕಣ್ರೀ ದೇವ್ರು. ನಾನೇ ದಡ್ಡಿ, ಸುಮ್ನೆ ಆ ಹುಡುಗಿನ್ನ ಗೋಳು ಹೊಯ್ಕೊಂಡೆ. ತನ್ಮಯಾ, ಫೋನ್ ಹಚ್ಚೋ ನಿಶಾಗೆ. ನಾನೇ ಮಾತಾಡ್ತೀನಿ."

ತನ್ಮಯ ಅಕ್ಕನ ಮುಖ ನೋಡಿದ. ಇಂಚರಾ ನೆಲ ನೋಡಿದಳು. ಇಷ್ಟು ಸುಲಭವಾಗಿ ಆಗಿಹೋಯಿತೇ ಎಂದು ಒಂದು ಕ್ಷಣ ಅನ್ನಿಸಿತು. ಆ ಕ್ಷಣ ಅಷ್ಟಕ್ಕೇ ಮುಗಿಯಿತು. ಬಾಗಿಲಲ್ಲಿ ಶಾಲಿನಿ ಚೇಚಿ ನಿಂತಿದ್ದರು, ಕೈಯಲ್ಲಿ ಹಳದಿ ಸ್ಪ್ರೇ ಬಾಟಲು ಹಿಡಿದು, ಹೇಳಿದ ಮಾತಿಗೆ ತಪ್ಪದವರ ಗಾಂಭೀರ್ಯದಲ್ಲಿ.

ಕುಡಿಕೆಗಳನ್ನು ಕಂಡು ಚೇಚಿ ಅಲ್ಲೇ ನಿಂತರು.

"ಅಯ್ಯೋ! ಇನ್ನಲೆ ರಾವಿಲೆ ಒನ್ನುಂ ಇಲ್ಲಾಯಿರುನ್ನಲ್ಲೋ!" ಎಂದು ಗಲ್ಲಕ್ಕೆ ಕೈಯಿಟ್ಟುಕೊಂಡರು. ನಿನ್ನೆ ಬೆಳಿಗ್ಗೆ ಏನೂ ಇರಲಿಲ್ಲವಲ್ಲ!

ಅಮ್ಮನ ಮಲಯಾಳ ತರಕಾರಿ ಗಾಡಿಯವರೆಗೆ ಮಾತ್ರ. ಅದರಾಚೆ ಎಲ್ಲಕ್ಕೂ ಮಕ್ಕಳೇ ಗತಿ. ನಗುತ್ತಲೇ ಮಗಳ ಕಡೆ ತಿರುಗಿ, "ಏನಂತಾಳೆ ಅವಳು?" ಎಂದರು.

ತನ್ಮಯ ಅಮ್ಮನ ಬೆನ್ನ ಹಿಂದೆ ನಿಂತು ಎರಡೂ ಕೈ ಮುಗಿದ. ಹೇಳಬೇಡ ಎಂದು. ಸುಲಭವಿತ್ತು. 'ತುಂಬ ಚೆನ್ನಾಗಿ ಬಂದಿದೆ ಅಂತಾರಮ್ಮ' ಎಂದರೆ ಆಯಿತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಅಮ್ಮ ಮೊದಲ ಸಲ 'ಆದರೂ' ಇಲ್ಲದೆ ನಗುತ್ತಿದ್ದರು. ಆ ನಗೆ ಸೂಪರ್ ಮಾರ್ಕೆಟ್ಟಿನ ಸಸಿಯ ಮೇಲೆ ನಿಂತಿತ್ತು. ನಾಳೆಯೋ ನಾಡಿದ್ದೋ ಬೇರಿಲ್ಲದ ಆ ಸಸಿ ಬಾಡುತ್ತದೆ, ಮಂಟಪದಲ್ಲೇ ಬಾಡಿದರೆ?

"ನಿನ್ನೆ ಬೆಳಿಗ್ಗೆವರೆಗೂ ಒಂದೂ ಮೊಳೆತಿರ್ಲಿಲ್ಲ ಅಂತಿದಾರೆ ಅಮ್ಮ," ಎಂದಳು ಇಂಚರಾ. "ಸರಿಯಾಗೇ ಹೇಳ್ತಿದಾರೆ. ಇದು ಅಂಗಡೀದು. ನಾನು ನೆಟ್ಟಿದ್ದು."

ಆಮೇಲೆ ಎಲ್ಲ ಹೇಳಿದಳು. ಸೆಮಿನಾರು, ಬಸ್ಸು, ಲಾರಿ, ಫುಲ್ ಹಾಕಿ ಎಂದದ್ದು. ಮಧ್ಯದಲ್ಲಿ ಅಭ್ಯಾಸಬಲದಿಂದ ಕಿಣ್ವ, ಕತ್ತರಿ, ದೂರದ ನೆಂಟ ಎಲ್ಲವೂ ಬಂದವು. ತನ್ಮಯ ಗೋಡೆಗೆ ಹಣೆಯಿಟ್ಟು ನಿಂತ. ವಿಷಯ ಅರ್ಥವಾಗದ ಚೇಚಿ, ಬಂದ ಕೆಲಸ ಮುಗಿಸಿಬಿಡೋಣವೆಂದು ಮೊದಲ ಕುಡಿಕೆಗೆ ಫುಸ್ ಎಂದು ಹೊಡೆದರು. ಇಡೀ ಮನೆ ಸೀನಿತು. ಅಮ್ಮನ ಕಣ್ಣಲ್ಲಿ ನೀರು ಬಂದದ್ದು ಗಾಂಧಾರಿಗೋ, ಬೇರೆ ಯಾವುದಕ್ಕೋ ತಿಳಿಯಲಿಲ್ಲ.

ಅಮ್ಮ ಅಡಿಗೆಮನೆಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಮಣೆಯ ಮೇಲೆ ಕೂತರು.

"ಅಂದ್ರೆ, ದೇವ್ರು ಬೇಡ ಅನ್ಲಿಲ್ಲ," ಎಂದರು.

"ಇಲ್ಲಮ್ಮ. ಅವನ ತನಕ ವಿಷಯ ಹೋಗೇ ಇಲ್ಲ. ನನ್ನ ಮಲಯಾಳದಲ್ಲೇ ನಿಂತ್ಹೋಗಿದೆ."

"ಬೇಕು ಅಂತಾನೂ ಅನ್ಲಿಲ್ಲ."

"ಹೂಂ."

ಅಮ್ಮ ಕುಡಿಕೆಯಿಂದ ಒಂದು ಸಸಿ ಎಳೆದರು. ಸರಕ್ಕನೆ ಬಂತು. ಅದನ್ನು ಬೆರಳ ನಡುವೆ ಹೊರಳಿಸುತ್ತ, "ಸುಳ್ಳೇ ಹೇಳ್ಬಹುದಿತ್ತು ನೀನು. ನಂಗೇನ್ ತಿಳೀತಿತ್ತು? ಯಾಕ್ ಹೇಳ್ಲಿಲ್ಲ?" ಎಂದರು.

"ಹೇಳೋಣ ಅಂತಾನೇ ಇದ್ದೆ. ನೀನು ತುಂಬ ಚೆನ್ನಾಗಿ ನಕ್ಬಿಟ್ಟೆ."

ಅಪ್ಪ ಏನೋ ಹೇಳಲು ಬಾಯಿ ತೆರೆದು ಸೀನಿದರು. ಅಮ್ಮ ಎದ್ದರು.

"ಇನ್ನೊಂದ್ಸಲ ಕೇಳೋಣ. ಹೊಸ ಕುಡಿಕೆ, ಹೊಸ ಮಣ್ಣು. ಇವನ್ನ ಶಾಲಿನಿಗೆ ಕೊಡು, ತಾರಸಿಗೆ ಇಟ್ಕೊಳ್ಲಿ, ಅವಳು ಪಟ್ಟ ಕಷ್ಟಕ್ಕೆ. ತನ್ಮಯಾ, ನಿಶಾನ್ನ ಕರ್ಸೋ. ಈ ಸಲ ಬಿತ್ತೋದೂ ಅವಳೇ, ನೀರು ಹಾಕೋದೂ ಅವಳೇ."

"ಅಮ್ಮಾ, ಮದುವೆ ಹುಡುಗಿ ಮುಂಚೆ ಬರಬಾರದು ಅಂತ ನೀನೇ..."

"ಅವಳ ಮದ್ವೆ ಕಣೋ. ಅವಳೂ ಒಂದು ಮಾತು ಕೇಳ್ಕೊಳ್ಲಿ."

ಮಧ್ಯಾಹ್ನದ ಹೊತ್ತಿಗೆ ನಿಶಾ ಬಂದಳು, ಅರ್ಧ ಹಚ್ಚಿದ ಮೆಹಂದಿ ಕೈಯಲ್ಲಿ. ಭಟ್ಟರೂ ಬಂದರು. ಇಂಚರಾ ಕಾಳುಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ಆಗಲೇ ನೆನೆಸಿಟ್ಟಿದ್ದಳು. ಅಮ್ಮ ನಿಶಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ತರಕಾರಿ ಮಲಯಾಳದಲ್ಲಿ ಪಾಠ ಶುರುಮಾಡಿದರು.

"ಮೋಳೇ, ಇದು ಮೊಳಕೆ."

"ಮುಳಕೋ ಅಮ್ಮೇ?" ಎಂದು ನಿಶಾ ಕಣ್ಣರಳಿಸಿದಳು.

"ಅಲ್ಲ!" ಎಂದು ಮನೆಯವರೆಲ್ಲ ಒಟ್ಟಿಗೆ ಕೂಗಿದರು. ಭಟ್ಟರು ಬೆಚ್ಚಿಬಿದ್ದು, "ಎಂತ ಆಯ್ತು ಮಾರಾಯ್ರೇ?" ಎಂದರು. ಹೇಳದೆ ವಿಧಿಯಿರಲಿಲ್ಲ. ಕತೆಯನ್ನು ಪೂರ್ತಿ ಕೇಳಿ ಅವರು ಶಾಲು ಬಾಯಿಗಿಟ್ಟುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, ಆ ಕೊಬ್ಬು ಬೀಜದಲ್ಲಿ ಮಾತ್ರ ಇರುವುದೋ, ಮನುಷ್ಯರಲ್ಲೂ ಉಂಟೋ ಎಂದು ಕೇಳಿದರು. ಲ್ಯಾಬಿನ ಹೊರಗಿನವರು ಯಾರಾದರೂ ಅವಳ ಸಂಶೋಧನೆಯ ಬಗ್ಗೆ ತಾವಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಉಂಟು ಭಟ್ರೇ," ಎಂದು ಇಂಚರಾ ಹುಮ್ಮಸ್ಸಿನಲ್ಲಿ ಅವರ ಧಾಟಿಯಲ್ಲೇ ಹೇಳಿದಳು. "ಅದೇ ಮನೆತನದ್ದು ಒಂದು ನಮ್ಮ ಮಿದುಳಲ್ಲೂ ಇದೆ. ಕಂಡುಹಿಡಿದವರು ಅದಕ್ಕೆ ಸಂಸ್ಕೃತದ ಆನಂದವನ್ನೇ ತಗೊಂಡು ಹೆಸರಿಟ್ಟಿದ್ದಾರೆ, ಅನಂದಮೈಡ್ ಅಂತ. ಅದನ್ನ ಕತ್ತರಿಸೋದೂ ಇಂಥದೇ ಕತ್ತರಿ."

"ಹೌದಾ! ಹಾಗಾದ್ರೆ ಆನಂದವನ್ನು ಕತ್ತರಿಸಿದ್ರೆ ಮಾತ್ರ ಬೀಜ ಏಳುದಾ?" ಭಟ್ಟರು ಯೋಚಿಸಿದರು. "ನನ್ನ ಹೆಸರು ಕೃಷ್ಣಾನಂದ. ನೀನು ಸ್ವಲ್ಪ ದೂರ ಕೂತ್ಕೋ ಮಾರಾಯ್ತಿ."

ಭಾನುವಾರವಿಡೀ ಇಂಚರಾ ದೇವರ ಕೋಣೆಯ ಬಾಗಿಲಿನ ಆಚೆ ಈಚೆ ಓಡಾಡಿದಳು. ಒಳಗೆ ಹೋಗಲು ಅವಳಿಗೆ ಅನುಮತಿ ಇರಲಿಲ್ಲ, ನೀರು ಹಾಕುವುದಂತೂ ದೂರದ ಮಾತು. ಮದುವೆಗೆಂದು ಕೊಚ್ಚಿಯಲ್ಲೇ ಉಳಿದಿದ್ದ ನಿಶಾಳೇ ಬಂದು ಚಿಮುಕಿಸಿ, ಬಾಳೆಲೆ ಮುಚ್ಚಿ ಹೋಗುತ್ತಿದ್ದಳು. ಹೆಸರಿಗೆ ಎಷ್ಟು ಹೊತ್ತು ಬೇಕು, ಈ ಸೆಖೆಯಲ್ಲಿ ಕಿಣ್ವ ಎಷ್ಟು ಚುರುಕು, ಭತ್ತ ಎಷ್ಟು ಸೋಮಾರಿ, ಎಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, ಯಾರೂ ಇಲ್ಲದಾಗ ಬಾಗಿಲಿಗೆ ಕೈಮುಗಿದಳು. ದೇವರಿಗೋ, ಕತ್ತರಿಗೋ ಎಂದು ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಿತ್ತು.

ಸೋಮವಾರ ಬೆಳಿಗ್ಗೆ ಮಂಟಪಕ್ಕೆ ಹೊರಡುವ ಮುಂಚೆ ಅಮ್ಮ ಬಾಳೆಲೆ ಸರಿಸಿದರು. ಎಲ್ಲರೂ ಅವರ ಬೆನ್ನ ಹಿಂದೆ ಕತ್ತು ಚಾಚಿದರು.

ಭತ್ತ ಇಲ್ಲ. ಎಳ್ಳು ಇಲ್ಲ. ಉದ್ದು ಒಂದು ಕಡೆ ಮಣ್ಣನ್ನು ಬಿರಿಸಿ, ಬರಲೋ ಬೇಡವೋ ಎಂದು ಯೋಚಿಸುತ್ತಿತ್ತು. ಸಾಸಿವೆ ಅಲ್ಲಲ್ಲಿ ಇಣುಕಿತ್ತು. ಹೆಸರಿನ ಕುಡಿಕೆಯಲ್ಲಿ ಮಾತ್ರ ಒಂದು ದಂಡೇ ಎದ್ದಿತ್ತು, ಕತ್ತು ಬಗ್ಗಿಸಿಕೊಂಡು, ತಲೆಯ ಮೇಲೆ ಹಸಿರು ಸಿಪ್ಪೆ ಹೊತ್ತುಕೊಂಡು.

"ಐದರಲ್ಲಿ ಎರಡೂಕಾಲು," ಎಂದ ತನ್ಮಯ.

ಅಮ್ಮ ಬಾಗಿಲಲ್ಲಿ ನಿಂತಿದ್ದ ಮಗಳನ್ನು ಒಳಗೆ ಕರೆದರು.

"ಇನ್ನು ಮಿಕ್ಕಿದ್ದು ಬರುತ್ತಾ? ನಿಜ ಹೇಳು."

"ಉದ್ದು ನಾಳೆ ಬರುತ್ತಮ್ಮ. ಭತ್ತ, ಎಳ್ಳಿಗೆ ಇನ್ನೂ ಸ್ವಲ್ಪ ದಿನ ಬೇಕು. ಮಲಗಿವೆ, ಸತ್ತಿಲ್ಲ." ಇಂಚರಾ ತಡೆದು ಸೇರಿಸಿದಳು, "ಹಾಗಂತ ಅಂದ್ಕೊಂಡಿದೀನಿ."

ಅಮ್ಮ ಹೆಸರಿನ ಕುಡಿಕೆಯನ್ನು ಎತ್ತಿ ಸೊಂಟಕ್ಕೆ ಆನಿಸಿಕೊಂಡರು.

"ನಂಗೂ ಸ್ವಲ್ಪ ಟೈಮ್ ಬೇಕು," ಎಂದರು. "ಪೂರ್ತಿ ಆಗಿಲ್ಲ ನಾನೂನೂ. ಉದ್ದಿನಷ್ಟು ಆಗಿದೀನಿ ಅಂತಿಟ್ಕೋ. ನಡೀರಿ, ಹೊತ್ತಾಯ್ತು. ಮಂಟಪದಲ್ಲಿ ಇದನ್ನ ಇಡೋರು ಯಾರು, ನಾನಲ್ದೆ?"

ಅವರು ಹಾಗೆಯೇ ಮುಂದಿನ ಸಾಲಿಗೂ ಮುಂದೆ, ಮಂಟಪದ ಒಳಗೇ ಕೂತರು. ಮುಹೂರ್ತದಲ್ಲಿ ಅಕ್ಷತೆ ಹಾಕುವಾಗ ನಿಶಾಳ ಕೂದಲಲ್ಲಿ ಸಿಕ್ಕಿಕೊಂಡಿದ್ದ ಒಂದು ಹೆಸರಿನ ಸಿಪ್ಪೆಯನ್ನು ಬೆರಳಲ್ಲಿ ತೆಗೆದು, ಅವಳ ಕೆನ್ನೆ ತಟ್ಟಿದರು. ಇಂಚರಾಳಿಗೆ ಅದನ್ನು ಸರಿಯಾಗಿ ನೋಡಲಾಗಲಿಲ್ಲ. ಪಕ್ಕದಲ್ಲಿ ಕೂತ ಶಾಲಿನಿ ಚೇಚಿ, ನನ್ನ ಮೇಲೆ ಬೇಜಾರಿಲ್ಲ ಅಲ್ವಾ ಎಂದು ಮೂರನೆಯ ಸಲ ಕೇಳುತ್ತಿದ್ದರು.

ಮದುವೆಯಾಗಿ ಕೆಲವು ವಾರಗಳಾದ ಮೇಲೆ, ಇಂಚರಾ ಹಾಸ್ಟೆಲಿನಲ್ಲಿ ಥೀಸಿಸ್ಸಿನ ಕೊನೆಯ ಅಧ್ಯಾಯದ ಮೊದಲ ವಾಕ್ಯವನ್ನು ಮತ್ತೆ ಮತ್ತೆ ತಿದ್ದುತ್ತಿದ್ದಾಗ ಅಮ್ಮನ ಫೋನು ಬಂತು. ತಾರಸಿಯಿಂದ ಮಾತಾಡುತ್ತಿದ್ದರೇನೋ, ಗಾಳಿಯ ಸದ್ದು.

"ಲೇ, ಶಾಲಿನಿ ಕರ್ಕೊಂಡ್ ಬಂದು ತೋರಿಸ್ತಿದಾಳೆ. ಆ ಹಳೇ ಕುಡಿಕೆ ಇದಾವಲ್ಲ, ನಿನ್ನವು? ಎಲ್ಲದರಲ್ಲೂ ಬಂದಿದೆ ಕಣೇ, ಸಾಲಾಗಿ!"

ಇಂಚರಾ ಎದ್ದು ನಿಂತಳು. ಅಷ್ಟು ದಿನ ಮಲಗಿದ್ದ ಬೀಜ ಎದ್ದಿತೇ? ಹಾಗಿದ್ದರೆ ಹೊಸ ಫೋಟೋ, ಹೊಸ ಗ್ರಾಫು, ಬಹುಶಃ ಹೊಸ ಅಧ್ಯಾಯ. "ಏನು ಬಂದಿದೆಯಮ್ಮ? ಭತ್ತವಾ? ಉದ್ದಾ?"

"ಅಲ್ವೇ," ಎಂದರು ಅಮ್ಮ. ಪಕ್ಕದಲ್ಲಿ ಚೇಚಿ ಹೇಳಿಕೊಡುತ್ತಿದ್ದದ್ದು ಕೇಳಿಸಿತು. ಅಮ್ಮ ಅದನ್ನು ಬಿಡಿಸಿ ಬಿಡಿಸಿ, ಎಲ್ಲ ಅಕ್ಷರಕ್ಕೂ ಅದರದರ ತೂಕ ಕೊಟ್ಟು, ತಮ್ಮ ಜೀವನದಲ್ಲಿ ಮೊದಲ ಸಲ ಒಂದು ಮಲಯಾಳದ ಪದವನ್ನು ಸರಿಯಾಗಿ ಹೇಳಿದರು.

"ಮುಳಕು."